ಅಮ್ಮ ಕಾಯುವ ಕೋಟೆ

ಶತ್ರುಗಳು ಏಣಿ ಹೊತ್ತು ಕೋಟೆಯ ಹೆಬ್ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಹ್ಯಾಂಗ್ ಆಯಿತು.

ಮಂಗಳಾ ಮೌಸ್ ಅಲ್ಲಾಡಿಸಿದಳು. ಕೀಬೋರ್ಡ್ ಕುಟ್ಟಿದಳು. ಏನೂ ಆಗಲಿಲ್ಲ. ಪರದೆಯ ಮೇಲೆ ಅವಳ ಸೈನಿಕ ಕತ್ತಿ ಎತ್ತಿದವನು ಎತ್ತಿಕೊಂಡೇ ನಿಂತಿದ್ದ. ಅವನ ಪಕ್ಕದಲ್ಲಿ ಕೆಂಪು ರುಮಾಲಿನ ಇನ್ನೊಬ್ಬ ಸೈನಿಕ. ಅದು ಅಮ್ಮ.

ಅಮ್ಮ ಇದ್ದದ್ದು ಬೆಂಗಳೂರಿನಲ್ಲಿ, ಗಾರ್ಮೆಂಟ್ಸ್ ಕೆಲಸದ ಹೆಂಗಸರ ಹಾಸ್ಟೆಲ್‌ನಲ್ಲಿ. ಅಲ್ಲಿ ಅವಳು ಫೋನಿನಲ್ಲಿ ಆಡಬೇಕು, ಇಲ್ಲಿ ಆಂಧ್ರದ ರಾಯದುರ್ಗದ ಮನೆಯಲ್ಲಿ ಮಂಗಳಾ ಕಂಪ್ಯೂಟರಿನಲ್ಲಿ ಆಡಬೇಕು. ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ಆ ಕೋಟೆಯನ್ನು ಕಾಯಬೇಕು. ಅದು ತಾಯಿ ಮಗಳ ಕರಾರು.

ಪಕ್ಕದಲ್ಲಿ ಜೀನ್ಸ್ ಪ್ಯಾಂಟುಗಳ ರಾಶಿಯ ನಡುವೆ ಅಜ್ಜಿ ದ್ಯಾಮಮ್ಮ ಕೂತಿದ್ದಳು. ಹೊಲಿಗೆ ಮುಗಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ಜೀನ್ಸ್ ಹೊಲಿಯುವ ಯೂನಿಟ್‌ನವರು ಬೆಳಗ್ಗೆ ತಂದು ಸುರಿದು ಹೋಗುತ್ತಿದ್ದರು. ಆ ಡಬ್ಬಕ್ಕೂ ನನ್ನ ಹಾಗೆ ವಯಸ್ಸಾಗಿದೆ, ಹಾಗೆಲ್ಲಾ ಬಡಿಯಬೇಡ ಎಂದು ಅಜ್ಜಿ ಮೊಮ್ಮಗಳನ್ನು ಗದರಿದಳು.

ಸುಮಾರು ಹೊತ್ತು ಕಳೆದು ಪರದೆ ಅಲುಗಾಡಿತು. ಕೋಟೆ ಬಿದ್ದೇ ಹೋಗಿರುತ್ತದೆ ಎಂದು ಮಂಗಳಾ ಅರ್ಧ ಕಣ್ಣು ಮುಚ್ಚಿಕೊಂಡು ನೋಡಿದಳು. ಕೋಟೆ ಬಿದ್ದಿರಲಿಲ್ಲ. ಏಣಿಗಳೆಲ್ಲ ಮುರಿದು ಕಂದಕದಲ್ಲಿ ಬಿದ್ದಿದ್ದವು. ಹೆಬ್ಬಾಗಿಲ ಮೇಲೆ ಕೆಂಪು ರುಮಾಲಿನ ಸೈನಿಕ ಒಬ್ಬನೇ ನಿಂತು ಕುಣಿಯುತ್ತಿದ್ದ.

“ಅಜ್ಜಿ, ಅಮ್ಮ ಒಬ್ಬಾಕೀನ ಎಲ್ಲಾರ್ನೂ ಹೊಡದಾಳ ನೋಡು,” ಎಂದಳು ಮಂಗಳಾ.

“ಒಂದು ಹಲ್ಲಿ ಕಂಡ್ರ ಮಂಚ ಏರ್ತಿದ್ಲು ನಿಮ್ಮಮ್ಮ,” ಎಂದು ಅಜ್ಜಿ ಇನ್ನೊಂದು ಪ್ಯಾಂಟು ಎಳೆದುಕೊಂಡಳು.

ಮಂಗಳಾಗೆ ಕೋಪ ಬಂತು. ಅಜ್ಜಿಗೆ ಗೇಮ್ ಎಂದರೆ ಏನು ಗೊತ್ತು? ಅಮ್ಮ ಎಂದರೆ ಏನೆಂದಾದರೂ ಗೊತ್ತೋ ಇಲ್ಲವೋ.

ಆ ಕಂಪ್ಯೂಟರ್ ಮನೆಗೆ ಬಂದದ್ದೇ ಒಂದು ಕತೆ. ರವಿಶಂಕರ ಚಿಕ್ಕಪ್ಪ ಒಂದು ಕಾಲದಲ್ಲಿ ಬಜಾರಿನಲ್ಲಿ ಗೇಮ್ ಸೆಂಟರ್ ಇಟ್ಟಿದ್ದ. ಹುಡುಗರೆಲ್ಲ ಸ್ಕೂಲ್ ಬ್ಯಾಗ್ ಸಮೇತ ಅಲ್ಲೇ ಬಿದ್ದಿರುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಫೋನ್ ಬಂತು, ಸೆಂಟರ್‌ಗೆ ಬೀಗ ಬಿತ್ತು. ಚಿಕ್ಕಪ್ಪ ಜೀನ್ಸ್ ಯೂನಿಟ್ ಸೇರಿದ. ಸೆಂಟರಿನಲ್ಲಿ ಉಳಿದ ಒಂದೇ ಒಂದು ಕಂಪ್ಯೂಟರ್ ಮಂಗಳಾಳ ಮನೆಗೆ ಬಂತು. ಎಷ್ಟೋ ಹುಡುಗರು ಒತ್ತಿ ಒತ್ತಿ ಅದರ ಕೀಬೋರ್ಡಿನ ಕೆಲವು ಅಕ್ಷರ ಅಳಿಸಿಹೋಗಿದ್ದವು. ಮಂಗಳಾಗೆ ಅಕ್ಷರ ಬೇಕಿರಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು.

ಅಮ್ಮ ಬೆಂಗಳೂರಿಗೆ ಹೋದದ್ದು ಬೇಸಿಗೆಯಲ್ಲಿ. ಊರಿನ ಯೂನಿಟ್‌ಗಳಿಗೆ ಆರ್ಡರ್ ಬರುವುದು ಕಡಿಮೆಯಾಗಿತ್ತು. ಬೆಂಗಳೂರಿನ ಕಂಪನಿಯವರು ಬಂದು, ಮಷಿನ್ ಮೇಲೆ ಚೆನ್ನಾಗಿ ಕೈ ಓಡುವ ಹೆಂಗಸರು ಬೇಕು ಎಂದರು. ಅಮ್ಮನ ಕೈ ಎಲ್ಲರಿಗಿಂತ ಜೋರಾಗಿ ಓಡುತ್ತಿತ್ತು. ಯೂನಿಟ್‌ನಲ್ಲಿ ಇಸ್ತ್ರಿ ಮಾಡುವ ಅಪ್ಪ ಇಲ್ಲೇ ಉಳಿದ, ಅಮ್ಮ ಬಸ್ ಹತ್ತಿದಳು.

ಆಮೇಲೆ ಮಂಗಳಾ ಮುಖ ಊದಿಸಿಕೊಂಡು ಕೂತಳು. ಅಮ್ಮ ಫೋನ್ ಮಾಡಿದರೆ ಮಾತಾಡುತ್ತಿರಲಿಲ್ಲ. ಅಪ್ಪ ಬೈದರೂ ಇಲ್ಲ, ಅಜ್ಜಿ ಮುದ್ದು ಮಾಡಿದರೂ ಇಲ್ಲ. ಕೊನೆಗೆ ಚಿಕ್ಕಪ್ಪ ಈ ಕೋಟೆ ಗೇಮ್ ಹುಡುಕಿದ. ಫೋನಿನಲ್ಲೂ ಆಡಬಹುದು, ಕಂಪ್ಯೂಟರಿನಲ್ಲೂ ಆಡಬಹುದು. ಅಪ್ಪನ ಫೋನು ಗೇಮ್ ಹಾಕಿದರೆ ಬಿಸಿಯಾಗಿ ಆಫ್ ಆಗುತ್ತಿತ್ತು. ಆ ಫೋನಿನಿಂದ ಕಂಪ್ಯೂಟರಿಗೆ ನೆಟ್ ಕೊಟ್ಟರೆ ಸಾಕಿತ್ತು. ಪ್ರತಿ ಭಾನುವಾರ ಕೋಟೆಗೆ ಬರ್ತೀನಿ ಎಂದು ಅಮ್ಮ ಮಾತು ಕೊಟ್ಟಳು.

ಮೊದಮೊದಲು ಅಮ್ಮ ಆಡುವುದನ್ನು ನೋಡಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತಿತ್ತು. ಹೆಬ್ಬಾಗಿಲು ಯಾವ ಕಡೆ ಎಂದು ಸ್ಪೀಕರಿನಲ್ಲಿ ಕೇಳುತ್ತಲೇ ಕಂದಕಕ್ಕೆ ಬೀಳುತ್ತಿದ್ದಳು. ಮಂಗಳಾಳ ಸೈನಿಕ ಯುದ್ಧ ಬಿಟ್ಟು ಅವಳನ್ನು ಎತ್ತಲು ಓಡಬೇಕಿತ್ತು. ಕೋಟೆ ಪ್ರತಿ ವಾರ ಬೀಳುತ್ತಿತ್ತು. ಆದರೂ ಇಬ್ಬರೂ ನಗುತ್ತಿದ್ದರು.

ಮಳೆಗಾಲ ಶುರುವಾದ ಮೇಲೆ ಅಮ್ಮ ಕಲಿತುಬಿಟ್ಟಳು. ಹೇಗೆ ಕಲಿತಳೋ, ಮಂಗಳಾಗಿಂತ ಚುರುಕಾದಳು. ಗೋಡೆಯ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆದು ಇಳಿಯುವುದನ್ನೂ ಕಲಿತಳು. ಆಡುವಾಗ ಮಾತು ಮಾತ್ರ ನಿಲ್ಲಿಸಿದಳು. ರೂಮಿನಲ್ಲಿ ಬೇರೆಯವರು ಮಲಗಿರುತ್ತಾರೆ, ಮೈಕ್ ಹಾಕುವ ಹಾಗಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳು. ಹಾಗಾಗಿ ಮಂಗಳಾ ಗೇಮ್‌ನ ಚಾಟ್‌ನಲ್ಲಿ ಟೈಪ್ ಮಾಡಿ ಮಾತಾಡುತ್ತಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಫೋನಿನಲ್ಲಿ ಹೇಳಲಾಗದ್ದನ್ನೂ ಅಲ್ಲಿ ಬರೆಯುತ್ತಿದ್ದಳು. ಫೋನ್ ಎಂದರೆ ಅಪ್ಪ, ಅಜ್ಜಿ ಎಲ್ಲ ಕೇಳಿಸಿಕೊಳ್ಳುತ್ತಾರೆ. ಕೋಟೆಯಲ್ಲಾದರೆ ಅಮ್ಮ ಒಬ್ಬಳೇ. ನಿನ್ನ ಹಳೇ ಸೀರೆ ಹೊದ್ದುಕೊಂಡು ಮಲಗ್ತೀನಿ, ಅಜ್ಜಿಗೆ ಹೇಳಬೇಡ ಎಂದು ಒಮ್ಮೆ ಬರೆದಳು. ಅಮ್ಮ ಯಾವಾಗ ಬರ್ತಾಳೆ ಅಂತ ಬೀದಿಯವರು ಕೇಳಿದರೆ ಕಲ್ಲು ಎತ್ತಿ ಒಗೆಯಬೇಕು ಅನ್ನಿಸುತ್ತದೆ ಎಂದು ಇನ್ನೊಮ್ಮೆ ಬರೆದಳು. ಆ ಕಡೆಯಿಂದ ಒಂದು ಕೆಂಪು ಹಾರ್ಟ್ ಬಂತು. ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ, ಅದಕ್ಕೆ ಹಾರ್ಟ್ ಕಳಿಸಿದ್ದಾಳೆ ಎಂದು ಮಂಗಳಾ ಅಂದುಕೊಂಡಳು.

ಸ್ಕೂಲಿನಲ್ಲಿ ಇದೇ ಜಂಬ. ಪಕ್ಕದ ಬೆಂಚಿನ ಚಿರಂಜೀವಿಗೆ ತೆಲುಗಿನಲ್ಲಿ ಎಲ್ಲ ಹೇಳಿದಳು. ಅವನು ನಂಬಲಿಲ್ಲ. ಅಮ್ಮಂದಿರು ಯಾರಾದರೂ ಗೇಮ್ ಆಡುತ್ತಾರಾ, ಅಬದ್ಧ ಹೇಳಬೇಡ ಎಂದ. ನೀನೇ ದೊಡ್ಡ ಸುಳ್ಳ ಎಂದು ಮಂಗಳಾ ಅವನ ಜ್ಯಾಮೆಟ್ರಿ ಬಾಕ್ಸ್ ಕೆಳಗೆ ತಳ್ಳಿದಳು.

ಈಗ ಇದ್ದ ತೊಂದರೆ ಒಂದೇ, ಈ ಹ್ಯಾಂಗ್. ವಾರ ವಾರಕ್ಕೆ ಅದು ಜಾಸ್ತಿಯಾಗುತ್ತಿತ್ತು. ಅಮ್ಮ ಒಬ್ಬಳೇ ಎಷ್ಟು ಸಲ ಕೋಟೆ ಕಾಯಬೇಕು? ಬೇಜಾರಾಗಿ ಅವಳು ಬರುವುದನ್ನೇ ಬಿಟ್ಟರೆ?

ಚಿಕ್ಕಪ್ಪ ಬಂದು ನೋಡಿದ. ಇದರಲ್ಲಿರುವ ವಿಂಡೋಸ್ ಹಳೇದು, ಕಂಪನಿಯವರು ಇನ್ನು ಮೇಲೆ ಅದಕ್ಕೆ ಅಪ್‌ಡೇಟ್ ಕೊಡುವುದಿಲ್ಲ ಎಂದ. ಹೊಸ ವಿಂಡೋಸ್ ಹಾಕೋಣ ಎಂದರೆ ಈ ಮುದಿ ಕಂಪ್ಯೂಟರನ್ನು ಅದು ಒಪ್ಪುವುದಿಲ್ಲ. ಲಿನಕ್ಸ್ ಅಂತ ಬೇರೆ ಒಂದು ಇದೆ, ಹಗುರ, ಪುಕ್ಕಟೆ, ಹಳೇ ಡಬ್ಬವೂ ಕುದುರೆ ಹಾಗೆ ಓಡುತ್ತದೆ ಎಂದ.

ಮಂಗಳಾ ಒಂದೇ ಒಂದು ಪ್ರಶ್ನೆ ಕೇಳಿದಳು. “ಅದರಾಗ ಅಮ್ಮನ ಗೇಮ್ ಬರ್ತೈತಾ?”

“ಎಲ್ಲಾ ಗೇಮೂ ಬರ್ತಾವ ಈಗ,” ಎಂದ ಚಿಕ್ಕಪ್ಪ.

ನೋಡದೆ ಹೇಳಿದ ಮಾತು ಅದು. ಪೆನ್‌ಡ್ರೈವ್ ಹಾಕಿ ಕೂತ, ಹಳೇದೆಲ್ಲ ಅಳಿಸಿ ಹೊಸದು ಹಾಕಿದ. ಕಂಪ್ಯೂಟರ್ ನಿಜವಾಗಿಯೂ ಓಡಿತು. ಕಾರ್ ರೇಸ್ ಓಡಿತು, ಫುಟ್‌ಬಾಲ್ ಓಡಿತು. ಕೋಟೆ ಗೇಮ್ ಮಾತ್ರ ಬಾಗಿಲಲ್ಲೇ ತಡೆಯಿತು. ಪರದೆಯ ಮೇಲೆ ಒಂದು ಸಾಲು ಬಂತು. ಚಿಕ್ಕಪ್ಪ ಅದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಆ ಗೇಮ್‌ನವರು ಒಂದು ಕಾವಲು ಇಟ್ಟಿದ್ದಾರಂತೆ. ಆ ಕಾವಲು ಲಿನಕ್ಸ್ ಇರುವ ಕಂಪ್ಯೂಟರನ್ನು ಒಳಗೇ ಬಿಡುವುದಿಲ್ಲವಂತೆ.

“ನಾವೇನ್ ಮೋಸ ಮಾಡೀವಿ?” ಎಂದಳು ಮಂಗಳಾ.

ಎರಡನ್ನೂ ಇಡೋಣ ಎಂದರೆ ಡಿಸ್ಕಿನಲ್ಲಿ ಅಷ್ಟು ಜಾಗ ಇರಲಿಲ್ಲ. ಒಂದನ್ನೇ ಆರಿಸಿಕೊಳ್ಳಬೇಕು. ಚೆನ್ನಾಗಿ ಓಡುವ ಹೊಸದು ಬೇಕಾ, ಹ್ಯಾಂಗ್ ಆಗುವ ಹಳೇದು ಬೇಕಾ, ಯೋಚನೆ ಮಾಡು ಎಂದು ಚಿಕ್ಕಪ್ಪ ಹೊರಟ. ಮಂಗಳಾ ಅವನ ಹತ್ತಿರ ಮಾತು ಬಿಟ್ಟಳು. ಅವನು ಸಮಾಧಾನಕ್ಕೆ ತಂದ ಮಿರ್ಚಿ ಬಜ್ಜಿಯನ್ನೂ ಮುಟ್ಟಲಿಲ್ಲ.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿದರೆ ಅಮ್ಮ ಎತ್ತಲೇ ಇಲ್ಲ. ಸಂಜೆ ತಾನಾಗಿಯೇ ಮಾಡಿದಳು. ಗೇಮ್ ಬರುತ್ತಿಲ್ಲ ಎಂದು ಮಂಗಳಾ ಬಿಕ್ಕಿದಾಗ, ಇರಲಿ ಬಿಡು, ಅಳಬೇಡ ಎಂದು ಆಕಳಿಸಿದಳು. ಮಧ್ಯಾಹ್ನವೆಲ್ಲ ಕೋಟೆಯಲ್ಲಿ ನನಗಾಗಿ ಕಾದು ಅಮ್ಮ ಮುನಿಸಿಕೊಂಡಿದ್ದಾಳೆ ಎಂದು ಮಂಗಳಾಗೆ ಖಾತ್ರಿಯಾಯಿತು.

ದೀಪಾವಳಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಅಮ್ಮ ಬರುತ್ತಾಳೆ. ಅಷ್ಟರೊಳಗೆ ಕೋಟೆ ಬೇಕೇ ಬೇಕು. ಮಂಗಳಾ ಮಾತು ಬಿಟ್ಟದ್ದನ್ನು ಮರೆತು ಚಿಕ್ಕಪ್ಪನ ಹಿಂದೆ ಬಿದ್ದಳು. ಅವನ ಯೂನಿಟ್‌ವರೆಗೂ ಹೋಗಿ ಬಾಗಿಲಲ್ಲಿ ನಿಂತಳು. ಅದು ಅಪ್‌ಡೇಟ್ ಇಲ್ಲದ ಮಾಲು, ವೈರಸ್ ಬಂದರೆ ನನ್ನನ್ನು ಕೇಳಬೇಡ ಎಂದು ಹೇಳಿ ಹೇಳಿ ಅವನು ಕೊನೆಗೆ ಸೋತ. ಹಬ್ಬದ ಹಿಂದಿನ ದಿನ ಹಳೇ ವಿಂಡೋಸ್ ಮತ್ತೆ ಬಂತು. ಕೋಟೆ ಇದ್ದ ಹಾಗೇ ಇತ್ತು. ಅದು ಇರುವುದು ಗೇಮ್‌ನವರ ಹತ್ತಿರ, ನಮ್ಮ ಡಬ್ಬದಲ್ಲಲ್ಲ ಎಂದ ಚಿಕ್ಕಪ್ಪ.

ಅಮ್ಮ ಬಂದಳು. ಬ್ಯಾಗು ಇಳಿಸಿ ಮಂಗಳಾಳನ್ನು ಅಪ್ಪಿ ಮುದ್ದಿಸಿದಳು. ಸ್ನಾನ ಮಾಡಿ ಉಂಡವಳು ತಲೆ ಒರಗಿಸಿದ ಕೂಡಲೇ ನಿದ್ದೆ ಹೋದಳು. ಮಂಗಳಾ ಮಂಚದ ಸುತ್ತ ಸುಳಿದಾಡಿದಳು. ಅಜ್ಜಿ ಕಣ್ಣು ಬಿಟ್ಟು ಅವಳನ್ನು ಹೊರಗೆ ಕಳಿಸಿದಳು.

ಮರುದಿನ ಹೋಳಿಗೆ ಊಟವಾದ ಮೇಲೆ ಅಮ್ಮ ಎಚ್ಚರವಿದ್ದಳು. ಮಂಗಳಾ ಕೈ ಹಿಡಿದು ಎಳೆದು ತಂದು ಕಂಪ್ಯೂಟರಿನ ಪಕ್ಕದಲ್ಲಿ ಕೂರಿಸಿದಳು. ಅಮ್ಮನ ಕೈಗೆ ಅಮ್ಮನ ಫೋನು. ಪರದೆಯಲ್ಲಿ ಕೋಟೆ. ಕೆಂಪು ರುಮಾಲಿನ ಸೈನಿಕ ಬಂದು ನಿಂತ.

“ಅಮ್ಮಾ, ಆ ಪಲ್ಟಿ ಹೊಡಿ. ಹೆಂಗಂತ ನಂಗೂ ಕಲಿಸು,” ಎಂದಳು ಮಂಗಳಾ.

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಎಲ್ಲೋ ಒತ್ತಿದಳು. ಸೈನಿಕ ಗೋಡೆಗೆ ಮುಖ ಮಾಡಿ ನಿಂತ. ಇನ್ನೊಂದು ಕಡೆ ಒತ್ತಿದಳು. ಸೈನಿಕ ನಾಲ್ಕು ಹೆಜ್ಜೆ ನಡೆದು ಕಂದಕಕ್ಕೆ ಬಿದ್ದ.

ಮಂಗಳಾ ಗೊಳ್ಳೆಂದು ನಕ್ಕಳು. ಬೇಕೆಂದೇ ಮಾಡುತ್ತಿದ್ದಾಳೆ ಎಂದುಕೊಂಡಳು. ಅವನನ್ನು ಎತ್ತಿ ತಂದು ಮೇಲೆ ನಿಲ್ಲಿಸಿದಳು. ಸೈನಿಕ ಮತ್ತೆ ಬಿದ್ದ.

“ಹೆಬ್ಬಾಗಿಲು ಯಾವ ಕಡಿಗೈತಿ?” ಎಂದು ಅಮ್ಮ ಮೆಲ್ಲಗೆ ಕೇಳಿದಳು.

ಮಂಗಳಾಳ ನಗು ನಿಂತಿತು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ತಪ್ಪಿಸಿದಳು. ಚೇಷ್ಟೆ ಮಾಡುವವರ ಮುಖ ಹಾಗಿರುವುದಿಲ್ಲ.

“ನಾನಲ್ಲ ಮಂಗಳಾ,” ಎಂದಳು ಅಮ್ಮ. “ನಮ್ ರೂಮಿನ್ಯಾಗ ವನಿತಾ ಅಂತ ಹುಡುಗಿ ಐತಿ, ಮಡಕಶಿರಾ ಕಡೀದು. ಆಕಿ ಆಡ್ತಿದ್ಲು.”

“ಯಾವಾಗಿಂದ?”

“ಮಳಿ ಸುರುವಾದಾಗಿಂದ. ಭಾನುವಾರ ಒಂದ ದಿನ ರಜಾ ಮಗಳ, ಕಣ್ಣ ತೆರಿಯಾಕ ಆಗ್ತಿದ್ದಿಲ್ಲ. ನೀ ಕಾಯ್ತಿರ್ತಿ ಅಂತ ಫೋನ್ ಆಕಿ ಕೈಗೆ ಕೊಟ್ಟು ಮಲಗ್ತಿದ್ದೆ. ಸುಮ್ನ ಮಾಡಿಸ್ಕಂಡಿಲ್ಲ. ಶನಿವಾರ ಆಕಿ ಬಂಡಲ್ ನಾ ಹೊಲ್ದು ಕೊಡ್ತಿದ್ದೆ.”

ಬಂಡಲ್ ಎಂದರೆ ಏನು ಎಂದು ರಾಯದುರ್ಗದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಕಟ್ಟು ಕಟ್ಟಿ ಒಬ್ಬೊಬ್ಬರ ಮಷಿನ್ ಮುಂದೆ ಇಡುತ್ತಾರೆ. ಅಷ್ಟನ್ನು ಅವರು ಹೊಲಿಯಬೇಕು. ಒಬ್ಬಳಿಗೆ ಜ್ವರ ಬಂದರೆ, ಕೈ ಸೋತರೆ, ಪಕ್ಕದ ಮಷಿನ್‌ನವಳು ಅವಳ ಬಂಡಲ್ ಹೊಲಿದು ಅವಳ ಹೆಸರಿನಲ್ಲೇ ಒಪ್ಪಿಸುತ್ತಾಳೆ. ಇನ್ನೊಂದು ದಿನ ಇವಳು ಅವಳದ್ದನ್ನು ಹೊಲಿಯುತ್ತಾಳೆ. ಅಪ್ಪನ ಯೂನಿಟ್‌ನಲ್ಲೂ ಹೀಗೇ. ಅದನ್ನು ಮೋಸ ಎಂದು ಯಾರೂ ಅನ್ನುವುದಿಲ್ಲ. ಅಮ್ಮನೂ ಹಾಗೇ ತಿಳಿದಿದ್ದಳು.

ಅಂದರೆ ಶನಿವಾರದ್ದು ವನಿತಾಳ ಬಂಡಲ್, ಭಾನುವಾರದ್ದು ಮಂಗಳಾ.

ಅವಳಿಗೆ ಹಾರ್ಟ್ ನೆನಪಾಯಿತು. ಸೀರೆಯ ಮಾತು ನೆನಪಾಯಿತು. ಬೀದಿಯವರ ಮಾತು ನೆನಪಾಯಿತು. ಎಲ್ಲವನ್ನೂ ತಾನು ಮುಖವನ್ನೇ ನೋಡಿರದ ಒಬ್ಬ ಹುಡುಗಿ ಓದಿದ್ದಳು. ಅಮ್ಮ ಆ ಹೊತ್ತಿಗೆ ಗೋಡೆ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದಳು. ಮಂಗಳಾಳ ಕಿವಿ ಬಿಸಿಯಾದವು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದವು.

“ನಾ ಚಾಟ್‌ನಾಗ ಬರದದ್ದು ನಿಂಗ ಓದಿ ಹೇಳ್ತಿದ್ಲಾ?” ಎಂದು ಕೇಳಿದಳು.

“ಏನ್ ಬರದಿದ್ದಿ?” ಎಂದಳು ಅಮ್ಮ.

“ಏನಿಲ್ಲ,” ಎಂದಳು ಮಂಗಳಾ.

ಅವಳು ಎದ್ದು ಹೋಗಿ ಅಜ್ಜಿಯ ಪ್ಯಾಂಟುಗಳ ರಾಶಿಯ ಹಿಂದೆ ಕೂತಳು. ಅಮ್ಮ ಕರೆದಳು, ಬರಲಿಲ್ಲ. ಅಪ್ಪ ಕರೆದ, ಬರಲಿಲ್ಲ. ಪಟಾಕಿ ಹೊಡೆಯಲು ಬೀದಿಯ ಮಕ್ಕಳು ಕರೆದರು, ಆಗಲೂ ಬರಲಿಲ್ಲ. ಅಲ್ಲಿ ಕೂತು ಅಮ್ಮನ ಮೇಲೆ ಎಷ್ಟು ಸಿಟ್ಟು ಮಾಡಬಹುದೋ ಅಷ್ಟೂ ಮಾಡಿದಳು. ಮಲಗ್ತೀನಿ ಅಂತ ಹೇಳಿದ್ದರೆ ನಾನು ಬೇಡ ಅಂತಿದ್ದೆನಾ ಎಂದು ತನ್ನನ್ನೇ ಕೇಳಿಕೊಂಡಳು. ಬೇಡ ಅಂತಿದ್ದೆ, ಅತ್ತು ರಂಪ ಮಾಡುತ್ತಿದ್ದೆ ಎಂದು ಅವಳಿಗೇ ಗೊತ್ತಿತ್ತು. ಅದು ಗೊತ್ತಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ರಾಶಿಯ ಸಂದಿಯಿಂದ ಅಮ್ಮ ಕಾಣುತ್ತಿದ್ದಳು. ಫೋನು ಹಿಡಿದುಕೊಂಡೇ ಕೂತಿದ್ದಳು. ಪಲ್ಟಿ ಹೊಡೆಯುವುದು ಹೇಗೆ ಎಂದು ಒತ್ತಿ ಒತ್ತಿ ನೋಡುತ್ತಿದ್ದಳು. ಸೈನಿಕ ಬೀಳುತ್ತಿದ್ದ. ಹಾಗೇ ಕೂತಲ್ಲೇ ಅವಳ ಕುತ್ತಿಗೆ ವಾಲಿತು. ಮತ್ತೆ ಬೆಚ್ಚಿ ಎಚ್ಚರಾಗಿ ಮತ್ತೆ ಒತ್ತಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮಂಗಳಾ ಅದನ್ನು ಆಗಲೇ ಸರಿಯಾಗಿ ನೋಡಿದ್ದು.

ಮಾರನೆಯ ದಿನ ಅಮ್ಮ ಹೊರಡಬೇಕಿತ್ತು. ಬೆಳಗ್ಗೆ ಚಿಕ್ಕಪ್ಪ ಬಂದ. ಕಂಪ್ಯೂಟರ್ ಆನ್ ಮಾಡಿದ, ಅದು ಆನ್ ಆಗುವಾಗಲೇ ಹ್ಯಾಂಗ್ ಆಯಿತು. ಪೆನ್‌ಡ್ರೈವ್ ತಂದಿದ್ದೇನೆ, ಹೊಸದು ಹಾಕುವುದಾದರೆ ಈಗಲೇ ಹೇಳಿ ಎಂದ. ಈ ಸಲ ಅವನು ಮಂಗಳಾಳನ್ನು ಕೇಳಲಿಲ್ಲ. ಅವಳ ಕೋಪಕ್ಕೆ ಹೆದರಿದ್ದ.

“ಅತ್ತಿಗಿ, ನೀವ ಹೇಳ್ರಿ. ಹಳೇದು ಇರ್ಲೋ, ತೆಗೀಲೋ?”

ಅಮ್ಮ ಬ್ಯಾಗು ಕಟ್ಟುತ್ತಿದ್ದವಳು ತಿರುಗಿ ಮಗಳ ಕಡೆ ನೋಡಿದಳು. ಏನಾದರೂ ಹೇಳುವುದರೊಳಗೆ ಮಂಗಳಾ ಬಾಯಿ ಹಾಕಿದಳು.

“ಹೊಸಾದ್ ಹಾಕು ಚಿಕ್ಕಪ್ಪಾ. ಇದು ಭಾಳ ಹ್ಯಾಂಗ್ ಆಗ್ತೈತಿ. ಅಮ್ಮಾ, ಹೊಸಾದ್ರಾಗ ಆ ಗೇಮ್ ಬರಂಗಿಲ್ಲಂತ. ಇನ್ ಮ್ಯಾಲೆ ಭಾನುವಾರ ಆಡಾಕಾಗಂಗಿಲ್ಲ.”

ಚಿಕ್ಕಪ್ಪ ಬಾಯಿ ತೆರೆದ. ಹಳೇದಕ್ಕಾಗಿ ಯೂನಿಟ್ ಬಾಗಿಲಲ್ಲಿ ಬಂದು ನಿಂತವಳು ಇವಳೇನಾ ಎಂಬಂತೆ ನೋಡಿದ. ಮಂಗಳಾ ಅವನ ಕಡೆ ತಿರುಗಲಿಲ್ಲ. ಅವಳು ಅಮ್ಮನನ್ನೇ ನೋಡುತ್ತಿದ್ದಳು.

ಬೇಡ, ಹಳೇದೇ ಇರಲಿ, ನಾನು ಕಲೀತೀನಿ ಎಂದು ಅಮ್ಮ ಅನ್ನಬಹುದು. ಅಂದೇ ಅನ್ನುತ್ತಾಳೆ ಎಂದು ಮಂಗಳಾ ಕಾದಳು.

“ಬರಂಗಿಲ್ಲಾ?” ಎಂದಳು ಅಮ್ಮ. “ಹೋಗ್ಲಿ ಬಿಡು. ಕಂಪ್ಯೂಟ್ರು ಚಂದಾಗಿ ಓಡಿದ್ರ ಸಾಕು.”

ಅಮ್ಮನ ಮುಖ ಬೇಜಾರಾದವರ ಹಾಗೆ ಕಾಣಲು ಪ್ರಯತ್ನ ಮಾಡುತ್ತಿತ್ತು. ಆದರೆ ಭುಜಗಳು ಕೆಳಗಿಳಿದಿದ್ದವು. ಇಡೀ ದಿನ ಹೊಲಿದು, ಮಷಿನ್ ಬಂದ್ ಆದಾಗ ಕೂರುವಂತೆ ಕೂತಿದ್ದಳು. ಮಂಗಳಾಗೆ ಇನ್ನೂ ಸಿಟ್ಟಿತ್ತು. ಆದರೂ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಚಿಕ್ಕಪ್ಪ ಪೆನ್‌ಡ್ರೈವ್ ಚುಚ್ಚಿದ. ಇರುವುದನ್ನೆಲ್ಲ ಅಳಿಸಲಾ ಎಂದು ಪರದೆ ಕೇಳಿತು. ಅವನು ಕೈ ತಡೆದು ಮಂಗಳಾಳನ್ನು ನೋಡಿದ. ಅವಳೇ ಕೈ ಚಾಚಿ ಎಂಟರ್ ಒತ್ತಿದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಗಳಿಗೆ ಅಡ್ಡಾಗುತ್ತೇನೆ ಎಂದು ಅಮ್ಮ ಅಲ್ಲೇ ಕಂಪ್ಯೂಟರಿನ ಹಿಂದಿನ ಮಂಚದ ಮೇಲೆ ಉರುಳಿದಳು. ಆ ಮಾತು ಮುಗಿಯುವ ಮುಂಚೆಯೇ ನಿದ್ದೆ ಹೋದಳು.

ಹೊಸದು ಮೊದಲ ಸಲ ಆನ್ ಆಗುವಾಗ ಟಣ್ ಎಂದು ಜೋರಾಗಿ ಸದ್ದು ಮಾಡುತ್ತದೆ. ಮಂಗಳಾ ಮೇಜಿನ ಕೆಳಗೆ ನುಸುಳಿ ಸ್ಪೀಕರಿನ ವೈರು ಕಿತ್ತಳು. ಆಮೇಲೆ ಚಿಕ್ಕಪ್ಪನ ಪಕ್ಕದಲ್ಲಿ ಬಂದು ಸುಮ್ಮನೆ ಕೂತಳು.